ಬಾವಿ ಮೋಡ್

ಹೋದ ದಸರಾಕ್ಕೆ ಮುಂಚೆ ಸೆಕೆಂಡ್ ಹ್ಯಾಂಡಲ್ಲಿ ಬಾಸ್ ಆರ್‌ವಿ-6 ತಗೊಂಡೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸೋ ಅಂಗೈಯಗಲದ ರಿವರ್ಬ್ ಪೆಡಲ್. 9,500 ರೂಪಾಯಿ. ಅಪ್ಪ ಫೋನಲ್ಲಿ ಕೇಳಿದಾಗ ಒಂದು ಸೊನ್ನೆ ನುಂಗಿಕೊಂಡು 950 ಅಂದೆ.

"ಏನ್ ಮಾಡ್ತದ್ಲಾ ಅದು?"

"ದೊಡ್ಡ ಜಾಗದಲ್ಲಿ ಬಾರಿಸಿದಂಗೆ ಕೇಳ್ಸುತ್ತಪ್ಪಾ."

"ಅದಕ್ಯಾಕೆ ದುಡ್ಡು? ದೊಡ್ಡ ಜಾಗಕ್ಕೇ ಹೋಗಿ ಬಾರ್ಸು."

ಹಿಂದೆ ಸ್ಟುಡಿಯೋದವರು ಮಾಡ್ತಿದ್ದದ್ದೂ ಅದನ್ನೇ. ಖಾಲಿ ಕೋಣೆಯಲ್ಲಿ ಒಂದು ಸ್ಪೀಕರು, ಒಂದು ಮೈಕು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಕೋಣೆಯ ಬದಲು ಉಕ್ಕಿನ ತಗಡನ್ನು ನೇತುಹಾಕಿತು. ಫೆಂಡರ್ ಆಂಪ್‌ಗಳಲ್ಲಿ ಸ್ಪ್ರಿಂಗ್ ಬಂತು. ಆಂಪನ್ನು ಒದ್ದರೆ ಗುಡುಗುತ್ತಿತ್ತು. ನನಗೆ ಇಷ್ಟವಾದದ್ದು ಮಾತ್ರ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಹೇಳಿದ ಉಪಾಯ. ದನಿಯ ನಕಲನ್ನು ಚೂರು ತಡಮಾಡಿ, ಚೂರು ಸಣ್ಣ ಮಾಡಿ, ಮತ್ತೆ ಒಳಕ್ಕೇ ಬಿಡೋದು. ಇಂಥ ಲೂಪ್‌ಗಳು ಹಲವು. ಎಲ್ಲದರ ತಡವೂ ಬೇರೆಬೇರೆ ಇರಬೇಕು, ಒಂದರ ಮೇಲೊಂದು ಬೀಳಬಾರದು. ಕೋಡ್ ಬರೆಯೋನಿಗೆ ಇದಕ್ಕಿಂತ ಸುಖ ಇನ್ನೇನಿದೆ!

ಪೆಡಲ್‌ನಲ್ಲಿ ರೂಮ್, ಹಾಲ್, ಪ್ಲೇಟ್, ಸ್ಪ್ರಿಂಗ್ ಎಲ್ಲ ಇವೆ. ಬಾವಿ ಇಲ್ಲ. ನನಗೆ ಬೇಕಿದ್ದದ್ದು ನಮ್ಮ ಹೊಲದ ಕಲ್ಲು ಕಟ್ಟಿದ ಬಾವಿ. ಅಪ್ಪ ಒಳಗಿಳಿದು ಹೂಳೆತ್ತುವಾಗ "ಎಳಿಯೋ" ಅಂತ ಕೂಗಿದ್ದು ಸುತ್ತಿ ಸುತ್ತಿ ಮೇಲೆ ಬರ್ತಿತ್ತು. ನಾನೂ ಬಗ್ಗಿ "ಓ" ಅಂತಿದ್ದೆ, ಅವ್ವ ಬೈತಿದ್ಲು. ಬೋರ್ ಬಂದ ಮೇಲೆ ಅದರ ಮೇಲೆ ಚಪ್ಪಡಿ ಬಿತ್ತು.

ನಾಕು ರಾತ್ರಿ ಕೂತೆ. ರೂಮ್ ಮೋಡು, ಟೋನ್ ಇಳಿಸಿ, ಟೈಮ್ ಏರಿಸಿ. ಐದನೇ ರಾತ್ರಿ ಬಂದೇಬಿಟ್ಟಿತು ಅನ್ನಿಸಿ ವಾಟ್ಸಾಪ್ ಮಾಡಿದೆ.

"ಡಬ್ಬದೊಳಗೆ ಕುಂತ್ಕಂಡು ಬಾರುಸ್ದಂಗೈತೆ" ಅಂದ ಅಪ್ಪ.

"ನಮ್ಮ ಬಾವಿ ಕಣಪ್ಪಾ ಅದು. ಇನ್ನೊಂದ್ಸಲ ಕೇಳು."

ಕೇಳಿದ. ಸುಮಾರು ಹೊತ್ತು ಮಾತಿಲ್ಲ.

"ಹಿಂಗೆ ಕೂಗ್ತಿದ್ದುದು ನೀರು ತಳ ಕಂಡಾಗ ಕಣ್ಲಾ. ನೀರು ತುಂಬಿದ್ರೆ ಬಾವಿ ಇಷ್ಟು ಕೂಗಲ್ಲ."

ಬರ ಬಿದ್ದ ವರ್ಷ ಅದು, 2003. ನಾನು ಆರನೇ ಕ್ಲಾಸು. ಆ ವರ್ಷ ಒಂದು ಜೊತೆ ಎತ್ತು ಮಾರಿದ್ರು ಅನ್ನೋದು ಗೊತ್ತಿತ್ತು. ನಾನು ಬಗ್ಗಿ ಕೂಗ್ತಿದ್ದದ್ದೂ ಅದೇ ಬೇಸಿಗೆ ಅನ್ನೋದು ಹೊಳೆದಿರಲಿಲ್ಲ.

"ತುಂಬಿದ್ದಾಗ ಹೆಂಗೆ ಕೇಳ್ಸೋದು?"

"ಅದನ್ಯಾರು ಗ್ಯಾನ ಮಡಿಕ್ಕಂಡಿದ್ದಾರು" ಅಂದ. ಆಮೇಲೆ, "ಅದು 950 ಅಲ್ವಾ? ಹೋಗ್ಲಿ ಬುಡು."

ಫೋನಿಟ್ಟ ಮೇಲೆ ಟೈಮ್ ನಾಬನ್ನು ಎಡಕ್ಕೆ ಒಂದೊಂದೇ ಚೂರು ತಿರುಗಿಸುತ್ತಾ ಕೂತೆ.