ಕ್ಷಮೆಯ ಮರುದಿನ

ಈ ದಿನ ಬೆಳಗ್ಗೆ ನಮ್ಮ ಮನೆಯ ಮುಂದಣ ಕಟ್ಟೆಯ ಮೇಲೆ ನೆರೆಮನೆಯ ಅಣ್ಣತಮ್ಮಂದಿರಿಬ್ಬರು ಆಡುತ್ತಿದ್ದ ಆಟದಲ್ಲಿ ಕೇಳಿಬಂದ ಮಾತೊಂದು ಮಧ್ಯಾಹ್ನವಾದರೂ ನನ್ನ ಕಿವಿಯನ್ನು ಬಿಟ್ಟುಹೋಗಿಲ್ಲ. ಹಿರಿಯವನು ಕೆಂಪು ಟವೆಲೊಂದನ್ನು ಕೊರಳಿಗೆ ಗಂಟಿಕ್ಕಿಕೊಂಡು ಆಕಾಶಮಾರ್ಗವಾಗಿ ಬಂದಿಳಿದ ವೀರನಾಗಿದ್ದನು. ಕಿರಿಯವನಿಗೆ, ಎಲ್ಲ ಮನೆಗಳಲ್ಲಿಯೂ ಕಿರಿಯವರಿಗೆ ಒದಗುವಂತೆ, ದುಷ್ಟನ ಪಾತ್ರ ಒದಗಿತ್ತು. ಹೊಡೆದಾಟವೆಲ್ಲ ಮುಗಿದ ಮೇಲೆ ಕಿರಿಯವನು ಎದ್ದು ನಿಂತು, "ತಪ್ಪಾತು, ಕ್ಷಮಿಸಿಬಿಡಣ್ಣ" ಎಂದು ಕೈಮುಗಿದನು. ಹಿರಿಯವನಿಗೆ ಇದು ಸಮ್ಮತವಾಗಲಿಲ್ಲ. "ಹಂಗಲ್ಲಲೇ, ನೀನು ಮೊದ್ಲು ಸತ್ತು ಬೀಳು, ಆಮ್ಯಾಲೆ ನಾನು ಕ್ಷಮಿಸ್ತೀನಿ. ಸಿನಿಮಾದಾಗ ಹಂಗೇ ಐತಿ" ಎಂದನು. ಕಿರಿಯವನು ಅರೆಗಳಿಗೆ ಯೋಚಿಸಿ, ಕಟ್ಟೆಯ ಮೇಲೆ ಅಡ್ಡಬಿದ್ದು ಕಣ್ಣು ಮುಚ್ಚಿದನು, ಕ್ಷಮೆ ದೊರೆಯಿತು.

ಹಿರಿಯವನು ಬಳ್ಳಾರಿಯ ಕಡೆಯ ಒಂದು ವಸತಿಶಾಲೆಯಲ್ಲಿ ಓದುವವನು. ರಜೆಗೆಂದು ನಮ್ಮ ಊರಾದ ಗುಡೇಕೋಟೆಗೆ ಬಂದಿದ್ದಾನೆ. ಆ ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಭಾನುವಾರದ ಬೈಬಲ್ ಪಾಠದಲ್ಲಿ, ಪಾಪವೆಂದರೇನು, ಪಶ್ಚಾತ್ತಾಪವೆಂದರೇನು, ಕ್ಷಮೆಯೆಂದರೇನು ಎಂಬುದನ್ನು ಎಳೆಯರ ಮನಸ್ಸಿಗೆ ಹತ್ತಿಸುವುದಕ್ಕಾಗಿ ಈ ಸೂಪರ್‌ಹೀರೊ ಚಿತ್ರಗಳ ಕಥೆಗಳನ್ನು ದೃಷ್ಟಾಂತವಾಗಿ ಬಳಸುತ್ತಾರಂತೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಮಕ್ಕಳು ಬಲ್ಲ ಕಥೆಯಿಂದ ಅವರು ತಿಳಿಯದ ಕಥೆಗೆ ದಾರಿಮಾಡುವುದು ಒಳ್ಳೆಯ ಉಪಾಧ್ಯಾಯರ ಲಕ್ಷಣವೇ ಸರಿ. ಈ ಚಿತ್ರಗಳಲ್ಲಿ ಕ್ರಿಸ್ತನ ಛಾಯೆಯನ್ನು ಗುರುತಿಸುವುದಕ್ಕೆ ದೊಡ್ಡ ಪಾಂಡಿತ್ಯವೂ ಬೇಡ. 2013ರಲ್ಲಿ ತೆರೆಕಂಡ 'ಮ್ಯಾನ್ ಆಫ್ ಸ್ಟೀಲ್' ಚಿತ್ರದ ಸೂಪರ್‌ಮ್ಯಾನನಿಗೆ ವಯಸ್ಸು 33; ಅವನು ಚರ್ಚಿನಲ್ಲಿ ಕುಳಿತು ಪಾದ್ರಿಯೊಡನೆ ತನ್ನ ಸಂಕಟವನ್ನು ತೋಡಿಕೊಳ್ಳುವಾಗ ಅವನ ಹಿಂದಿನ ಬಣ್ಣದ ಗಾಜಿನ ಮೇಲೆ ಗೆತ್ಸೇಮನೆಯ ತೋಟದಲ್ಲಿ ಪ್ರಾರ್ಥಿಸುವ ಯೇಸುವಿನ ಚಿತ್ರವಿದೆ; ಮುಂದೆ ಶಿಲುಬೆಯ ಆಕಾರದಲ್ಲಿ ತೋಳು ಚಾಚಿಕೊಂಡು ಅವನು ಅಂತರಿಕ್ಷದಿಂದ ಇಳಿಯುತ್ತಾನೆ. ಆ ಚಿತ್ರವನ್ನು ಹಂಚಿದ ಸಂಸ್ಥೆಯೇ ಅಮೆರಿಕದ ಪಾದ್ರಿಗಳಿಗೆ ಪ್ರವಚನದ ಟಿಪ್ಪಣಿಗಳನ್ನು ಒದಗಿಸಿತ್ತು. 1938ರಲ್ಲಿ ಮೊದಲು ಪ್ರಕಟವಾದ ಆ ವೀರನನ್ನು ಕಲ್ಪಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ತರುಣರಿಬ್ಬರೂ ಯೆಹೂದಿ ಮನೆತನದವರೆಂಬುದನ್ನು ನೆನೆದರೆ ಈ ಹೋಲಿಕೆಯ ಹಾದಿ ಇನ್ನೂ ಸ್ವಾರಸ್ಯವಾದೀತು. ಇದನ್ನೆಲ್ಲ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಅಲ್ಲಿ ನಿಲ್ಲುವುದಿಲ್ಲ.

ನನ್ನ ಮನಸ್ಸು ಹಿಡಿದುಕೊಂಡಿರುವುದು ಆ ಹುಡುಗನ "ಮೊದ್ಲು ಸತ್ತು ಬೀಳು" ಎಂಬ ನಿಬಂಧನೆಯನ್ನು. ಅವನು ಚಿತ್ರಗಳನ್ನು ಸರಿಯಾಗಿಯೇ ನೋಡಿದ್ದಾನೆ. ಸ್ಯಾಮ್ ರೈಮಿ ನಿರ್ದೇಶಿಸಿದ ಸ್ಪೈಡರ್‌ಮ್ಯಾನ್ ಚಿತ್ರಗಳನ್ನೇ ತೆಗೆದುಕೊಳ್ಳೋಣ. 2004ರ ಚಿತ್ರದಲ್ಲಿ ನಾಲ್ಕು ಲೋಹದ ತೋಳುಗಳ ವಿಜ್ಞಾನಿಗೆ ಕೊನೆಗೆ ವಿವೇಕ ಮರಳುತ್ತದೆ, ಮರಳಿದೊಡನೆಯೇ ಅವನು ತಾನು ನಿರ್ಮಿಸಿದ ಯಂತ್ರದೊಡನೆ ನದಿಯ ತಳಕ್ಕೆ ಮುಳುಗುತ್ತಾನೆ. 2007ರ ಚಿತ್ರದಲ್ಲಿ ಹಗೆ ಸಾಧಿಸುತ್ತಿದ್ದ ಗೆಳೆಯ ಹ್ಯಾರಿ ಕಡೆಗಳಿಗೆಯಲ್ಲಿ ಗೆಳೆತನಕ್ಕೆ ಹಿಂದಿರುಗುತ್ತಾನೆ, ಹಿಂದಿರುಗಿ ಗೆಳೆಯನ ತೊಡೆಯ ಬಳಿ ಪ್ರಾಣ ಬಿಡುತ್ತಾನೆ. ಅದೇ ಚಿತ್ರದಲ್ಲಿ ವೀರನ ಚಿಕ್ಕಪ್ಪನನ್ನು ಕೊಂದ ಮರಳಿನ ಮನುಷ್ಯನೊಬ್ಬನುಂಟು. ರೋಗದಿಂದ ನರಳುವ ಮಗಳಿಗಾಗಿ ಕಳ್ಳತನಕ್ಕಿಳಿದವನು. ಅವನಿಗೆ ಬದುಕಿರುವಾಗಲೇ ಕ್ಷಮೆ ದೊರೆಯುತ್ತದೆ. ಆದರೆ ಕ್ಷಮೆ ದೊರೆತ ಮರುಕ್ಷಣವೇ ಅವನು ಮರಳಾಗಿ ಗಾಳಿಯಲ್ಲಿ ಹಾರಿಹೋಗುತ್ತಾನೆ. ಕ್ಷಮಿಸಿದವನಿಗೆ ಅವನನ್ನು ನಾಳೆ ಬೀದಿಯಲ್ಲಿ ಕಾಣಬೇಕಾದ ಪ್ರಸಂಗವಿಲ್ಲ. ಪಾಪಿಯನ್ನು ಕ್ಷಮಿಸುವುದರಲ್ಲಿ ಸಿನಿಮಾ ಬಹಳ ಉದಾರಿ, ಅವನೊಡನೆ ಬಾಳುವುದರಲ್ಲಿ ಮಾತ್ರ ಬಹಳ ಲೋಭಿ.

ಈ ದೋಷ ಸಿನಿಮಾದ್ದೊಂದೇ ಎನ್ನಲಾರೆ. ನಾವೆಲ್ಲರೂ ಬಾಲ್ಯದಲ್ಲಿ ಕಣ್ಣೀರು ಸುರಿಸಿ ಕೇಳಿದ ಗೋವಿನ ಹಾಡಿನಲ್ಲಿ, ಪುಣ್ಯಕೋಟಿಯ ಸತ್ಯಕ್ಕೆ ಮನಕರಗಿದ ಹುಲಿಯು ಹಾರಿ ನೆಗೆದು ಪ್ರಾಣ ನೀಗುತ್ತದೆ. ಆ ಹುಲಿ ಬದುಕಿ ಉಳಿದಿದ್ದರೆ ಮರುದಿನ ಅದಕ್ಕೆ ಹಸಿವಾಗುತ್ತಿತ್ತು. ದೊಡ್ಡಿಯ ದಾರಿಯಲ್ಲಿ ಅದು ಪುಣ್ಯಕೋಟಿಗೆ ಎದುರಾಗುತ್ತಿತ್ತು. ಆಗ ಇಬ್ಬರೂ ಹೇಗೆ ನಡೆದುಕೊಳ್ಳುತ್ತಿದ್ದರೆಂಬುದನ್ನು ಹಾಡು ನಮಗೆ ಹೇಳಬೇಕಾಗುತ್ತಿತ್ತು. ಜನ್ನನು ಮಾತ್ರ ಸಾವಿನ ಈ ಆಶ್ರಯವನ್ನು ಯಾರಿಗೂ ಕೊಡಲಿಲ್ಲ. 1209ರಲ್ಲಿ ಅವನು ಬರೆದು ಮುಗಿಸಿದ 'ಯಶೋಧರ ಚರಿತೆ'ಯಲ್ಲಿ ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು, ನಿಜವಾದ ಕೋಳಿಯನ್ನಲ್ಲ; ಆದರೂ ಕಡಿಯುವ ಸಂಕಲ್ಪ ನಿಜವಾದದ್ದಾದುದರಿಂದ ತಾಯಿಮಕ್ಕಳಿಬ್ಬರೂ ವಿಷದಿಂದ ಸತ್ತ ಮೇಲೂ ಲೆಕ್ಕ ತೀರಲಿಲ್ಲ. ನವಿಲಾಗಿ, ನಾಯಾಗಿ, ಇನ್ನೂ ಏನೇನೋ ಆಗಿ ಜನ್ಮದಿಂದ ಜನ್ಮಕ್ಕೆ ಬಳಲಿ, ಕಡೆಗೆ ತನ್ನ ಮಗನಿಗೇ ಮಕ್ಕಳಾಗಿ ಹುಟ್ಟಿ, ಬಲಿಗೆಂದು ತಂದು ನಿಲ್ಲಿಸಿದ ಗುಡಿಯಲ್ಲಿ, ಕತ್ತಿ ಹಿಡಿದ ಅರಸ ಮಾರಿದತ್ತನ ಮುಂದೆ ನಿಂತು, ಅಭಯರುಚಿಯೆಂಬ ಆ ಬಾಲಕನು ಆದದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಬೇಕಾಯಿತು. ಕೊಲ್ಲುವ ಕೈ ಹಾಗೆ ನಿಂತಿತು. ಮನಸ್ಸಿನ ಕೋಪವೂ ಕೊಲೆಯ ಸಾಲಿಗೇ ಸೇರತಕ್ಕದ್ದೆಂದು ಯೇಸು ಬೆಟ್ಟದ ಮೇಲೆ ಬೋಧಿಸಿದುದನ್ನು ಓದಿದಾಗಲೆಲ್ಲ ನನಗೆ ಈ ಹಿಟ್ಟಿನ ಕೋಳಿ ನೆನಪಾಗುತ್ತದೆ; ಜೈನಕವಿಗೂ ಆ ಗಲಿಲಾಯದ ಬೋಧಕನಿಗೂ ಒಳಮನಸ್ಸಿನ ವಿಷಯದಲ್ಲಿ ಇಂಥ ಒಡಂಬಡಿಕೆ ಇರುವುದನ್ನು ಕಂಡು ಹಿಗ್ಗುತ್ತೇನೆ.

ಯೇಸುವಿನ ಶಿಲುಬೆಯ ಪಕ್ಕದ ಕಳ್ಳನೂ ಕ್ಷಮೆ ಪಡೆದ ದಿನವೇ ಸತ್ತನಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು, ಲೂಕನು ತನ್ನ ಸುವಾರ್ತೆಯಲ್ಲಿ ಅದನ್ನು ಬರೆದಿದ್ದಾನೆ. ಆದರೆ ಅದೇ ಲೂಕನು ಸುಂಕದ ಜಕ್ಕಾಯನ ಕಥೆಯನ್ನೂ ಬರೆದಿದ್ದಾನೆ. ಅವನು ಸಾಯಲಿಲ್ಲ, ಯೆರಿಕೋವಿನಲ್ಲಿಯೇ ಉಳಿದನು, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಎಲ್ಲರೆದುರಿಗೆ ಮಾತು ಕೊಟ್ಟನು. ಮಾತು ಕೊಟ್ಟವನು ಮರುದಿನ ಹಣದ ಚೀಲವನ್ನು ಹೊತ್ತು, ತನ್ನನ್ನು ಕಂಡರೆ ಮುಖ ತಿರುಗಿಸುವವರ ಮನೆಬಾಗಿಲುಗಳಲ್ಲಿ ಒಂದೊಂದಾಗಿ ನಿಂತಿರಬೇಕು. ಅಂಥ ದೃಶ್ಯಕ್ಕೆ ಹಾರಾಟವೂ ಬೇಡ, ಕವಚವೂ ಬೇಡ. ಯಾರೂ ಅದನ್ನು ಚಿತ್ರಿಸುವುದಿಲ್ಲ.

ಯಾರೂ ಚಿತ್ರಿಸುವುದಿಲ್ಲವೆಂದೆನಲ್ಲ, ಅದು ಪೂರ್ಣ ಸತ್ಯವಲ್ಲ. 2004ರ ಆ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿಯೇ, ಓಡುವ ರೈಲುಗಳಿಗೂ ಉರುಳುವ ಗೋಡೆಗಳಿಗೂ ನಡುವೆ, ಒಂದು ಅಡುಗೆಮನೆಯ ಮೇಜಿನ ಮುಂದೆ ನಡೆಯುವ ದೃಶ್ಯವೊಂದಿದೆ. ಮೇ ಎಂಬ ಚಿಕ್ಕಮ್ಮ ಗಂಡನನ್ನು ಕಳೆದುಕೊಂಡ ಮುದುಕಿ. ಅವಳೇ ಸಾಕಿದ, ಸ್ಪೈಡರ್‌ಮ್ಯಾನನೇ ಆದ ಪೀಟರನು ಅವಳ ಕೈಯನ್ನು ಹಿಡಿದುಕೊಂಡು, ಆ ದಿನ ಓಡಿಹೋಗುತ್ತಿದ್ದ ಕಳ್ಳನನ್ನು ತಾನು ತಡೆಯಬಹುದಾಗಿತ್ತು, ಸಿಟ್ಟಿನಿಂದ ಬೇಕೆಂತಲೇ ಬಿಟ್ಟುಬಿಟ್ಟೆ, ಅದರಿಂದಲೇ ಚಿಕ್ಕಪ್ಪ ಸತ್ತ ಎಂದು ಹೇಳಿಬಿಡುತ್ತಾನೆ. ಮುದುಕಿ ಅಳುವುದಿಲ್ಲ, ಬೈಯುವುದಿಲ್ಲ. ಅವನ ಕೈಯೊಳಗಿದ್ದ ತನ್ನ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡು, ಒಂದು ಮಾತೂ ಆಡದೆ ಎದ್ದು ಮಹಡಿಯ ಮೆಟ್ಟಿಲು ಹತ್ತಿಹೋಗುತ್ತಾಳೆ. ಹುಡುಗನು ಬರಿದಾದ ಕೈಯೊಡನೆ ಮೇಜಿನ ಮುಂದೆ ಕುಳಿತಿರುತ್ತಾನೆ. ಎಷ್ಟೋ ದಿನಗಳ ಮೇಲೆ, ಸಾಲ ತೀರದೆ ಕೈತಪ್ಪಿದ ಮನೆಯ ಸಾಮಾನುಗಳನ್ನು ಕಟ್ಟುತ್ತಿರುವಾಗ, ಅವನು ನಿಜ ಹೇಳಿದ್ದು ಧೈರ್ಯದ ಕೆಲಸವೆಂದೂ ತನ್ನ ಪ್ರೀತಿ ಕುಂದಿಲ್ಲವೆಂದೂ ಅವಳು ಅವನಿಗೆ ತಿಳಿಸುತ್ತಾಳೆ. ಇಷ್ಟೇ. ಪಾಪವನ್ನು ನುಡಿಯುವುದಕ್ಕೂ ಕ್ಷಮೆ ಬರುವುದಕ್ಕೂ ನಡುವೆ ಕಾಲ ಬೇಕು, ಆ ಕಾಲವನ್ನು ಇಬ್ಬರೂ ಒಂದೇ ಮನೆತನದ ಮನುಷ್ಯರಾಗಿಯೇ ಕಳೆಯಬೇಕು ಎಂಬುದನ್ನು ಇಷ್ಟು ನಿರಾಡಂಬರವಾಗಿ ತೋರಿಸಿದ ದೃಶ್ಯ ಈ ಜಾತಿಯ ಚಿತ್ರಗಳಲ್ಲಿ ಮತ್ತೊಂದನ್ನು ನಾನು ಕಂಡಿಲ್ಲ. ಭಾನುವಾರದ ಪಾಠಕ್ಕೆ ಸೂಪರ್‌ಮ್ಯಾನನ ಚಾಚಿದ ತೋಳುಗಳಿಗಿಂತ ಆ ಮುದುಕಿಯ ಹಿಂತೆಗೆದ ಕೈ ಹೆಚ್ಚು ಉಪಯುಕ್ತವೆಂದು ನನ್ನ ದೃಢವಾದ ಅಭಿಪ್ರಾಯ.

ನಮಗೆ ಇನ್ನೂ ಸಮೀಪದ ಉದಾಹರಣೆ ಬೇಕೆನ್ನುವವರು 2021ರ ಡಿಸೆಂಬರಿನಲ್ಲಿ ಬಂದ 'ಮಿನ್ನಲ್ ಮುರಳಿ'ಯನ್ನು ನೋಡಬಹುದು. ಬೇಸಿಲ್ ಜೋಸೆಫ್ ನಿರ್ದೇಶಿಸಿದ ಆ ಮಲಯಾಳ ಚಿತ್ರ ಕನ್ನಡದ ಮಾತುಗಳೊಡನೆಯೂ ದೊರೆಯುತ್ತದೆ. ಕೇರಳದ ಒಂದು ಹಳ್ಳಿಯಲ್ಲಿ ಕ್ರಿಸ್‌ಮಸ್ಸಿನ ವೇಳೆಯ ರಾತ್ರಿ ಒಂದೇ ಸಿಡಿಲು ಇಬ್ಬರಿಗೆ ಬಡಿದು ಇಬ್ಬರಿಗೂ ಅದ್ಭುತ ಶಕ್ತಿ ಬರುತ್ತದೆ: ಒಬ್ಬನು ಕ್ರೈಸ್ತ ಮನೆಯಲ್ಲಿ ಬೆಳೆದ ದರ್ಜಿ ಜೈಸನ್, ಇನ್ನೊಬ್ಬನು ಚಹಾದಂಗಡಿಯಲ್ಲಿ ದುಡಿಯುವ, ಊರೆಲ್ಲ ಹೀಯಾಳಿಸುವ ಶಿಬು. ಗುರು ಸೋಮಸುಂದರಂ ಎಂಬ ನಟ ಆ ಶಿಬುವನ್ನು ಅಭಿನಯಿಸಿರುವ ಬಗೆಯನ್ನು ನೋಡಿದರೆ ದುಷ್ಟನೆಂಬ ಶಬ್ದ ನಾಲಗೆಗೆ ಬರಲು ಹಿಂಜರಿಯುತ್ತದೆ. ಬಹುಕಾಲದಿಂದ ಪ್ರೀತಿಸಿದ ಉಷಾ ಕಡೆಗೊಮ್ಮೆ ತನ್ನನ್ನು ಒಪ್ಪಿದಾಗ ಅವನ ಮುಖದಲ್ಲಿ ಅಳುವೂ ನಗುವೂ ಕೂಡಿಯೇ ಬರುತ್ತವೆ. ಅವಳನ್ನು ಕಳೆದುಕೊಂಡ ಮೇಲೆ ಅವನು ಊರನ್ನೇ ಸುಡಲು ಹೊರಡುತ್ತಾನೆ. ಅಲ್ಲಿ ಪಾಪ ಮಾಡಿದವನು ಒಬ್ಬನಲ್ಲ. ಊರಿಗೆ ಊರೇ ಅವನ ವಿಷಯದಲ್ಲಿ ಪಾಪ ಮಾಡಿದೆ. ಚಿತ್ರ ಮಾತ್ರ, ವಾಡಿಕೆಯಂತೆ, ಶಿಬುವನ್ನು ಕೊಂದು ಊರಿಗೆ ಬಿಡುಗಡೆ ಕೊಡುತ್ತದೆ. ಅವನು ಬದುಕಿದ್ದಿದ್ದರೆ ಊರಿನವರು ಅವನ ಕ್ಷಮೆಯನ್ನು ಬೇಡಬೇಕಾಗುತ್ತಿತ್ತು.

ವೀರರ ಮಾತು ಬಂದ ಮೇಲೆ ಗುಡೇಕೋಟೆಯವನಾದ ನಾನು ಓಬವ್ವನನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಆಕೆಯ ತವರು ನಮ್ಮ ಊರೆಂದು ಇಲ್ಲಿಯ ಹಿರಿಯರ ನಂಬಿಕೆ. ಕರಡಿಗಳು ವಾಸಿಸುವ ಈ ಬಂಡೆಗಲ್ಲಿನ ಗುಡ್ಡಗಳ ನಡುವೆ ಹುಟ್ಟಿದವಳಿಗೆ ಚಿತ್ರದುರ್ಗದ ಕಿಂಡಿ ಹೊಸದಾಗಿ ಕಂಡಿರಲಾರದು. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಜಯಂತಿಯವರ ಕೈಗೆ ಒನಕೆ ಕೊಟ್ಟು ನಿಲ್ಲಿಸಿದಂದಿನಿಂದ ಕನ್ನಡಿಗರೆಲ್ಲರಿಗೂ ಓಬವ್ವನ ಮುಖ ಅದೇ ಆಗಿದೆ. ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಒನಕೆಯಿಂದ ಕೆಡಹಿದಳು. ಆ ದಿನವೇ ತಾನೂ ಮಡಿದಳೆಂದು ಹೇಳುತ್ತಾರೆ. ಆಕೆಯ ಕೈಗೆ ಸಿಡಿಲಿನ ವರವಿರಲಿಲ್ಲ; ಭತ್ತ ಕುಟ್ಟಿ ಬಲಿತ ರಟ್ಟೆಯಿತ್ತು. ನಾನು ಆ ತಾಯಿಯನ್ನು ಪೂಜ್ಯಭಾವದಿಂದ ನೆನೆಯುವಾಗಲೆಲ್ಲ, ಆಕೆ ಬದುಕಿ ಉಳಿದು ಮರುದಿನ ಬೆಳಗ್ಗೆ ಅದೇ ಒನಕೆಯನ್ನು ತೊಳೆದು ಒರಳಿಗೆ ಇಳಿಸಬೇಕಾಗಿ ಬಂದಿದ್ದರೆ ಆಕೆಯ ಮನಸ್ಸು ಹೇಗಿದ್ದಿರಬಹುದೆಂದು ಯೋಚಿಸುತ್ತೇನೆ. ಧರ್ಮಕ್ಕಾಗಿ ಮಾಡಿದ ಹತ್ಯೆಯೂ ಕೈಗೆ ಅಂಟುತ್ತದೆ. ಕುರುಕ್ಷೇತ್ರವನ್ನು ಗೆದ್ದ ಧರ್ಮರಾಯನಿಗೇ ರಾಜ್ಯ ರುಚಿಸಲಿಲ್ಲ.

ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳ್ಳಿಗಳಲ್ಲಿ ತಪ್ಪು ಮಾಡಿದವನು ಗಾಳಿಯಲ್ಲಿ ಹಾರಿಹೋಗುವುದಿಲ್ಲ. ಅವನ ಹೊಲ ನಮ್ಮ ಹೊಲದ ಪಕ್ಕದಲ್ಲಿಯೇ ಇರುತ್ತದೆ. ಸಂತೆಯ ದಿನ ಒಂದೇ ಬಸ್ಸು. ಕೊಟ್ಟೂರೇಶ್ವರನ ತೇರಿನ ಹಗ್ಗಕ್ಕೆ ಅವನ ಕೈಯೂ ನಮ್ಮ ಕೈಯೂ ಒಟ್ಟಿಗೇ ಬೀಳುತ್ತವೆ. ಇದಕ್ಕಾಗಿಯೇ ಇರಬೇಕು ಹಿರಿಯರು ವಿಜಯದಶಮಿಯ ಸಂಜೆ ಬನ್ನಿ ಕೊಡುವ ಪದ್ಧತಿಯನ್ನಿಟ್ಟದ್ದು. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಬದುವಿನ ಜಗಳದಿಂದ ಮಾತು ಬಿಟ್ಟ ದಾಯಾದಿಗಳಿಬ್ಬರಿದ್ದರು. ಬದುವನ್ನು ಒತ್ತಿ ಉತ್ತಿದ್ದವನು ಹಿರಿಯವನು. ಒಂದು ದಸರೆಯ ಸಂಜೆ ಅವನು ತಲೆಗೆ ರುಮಾಲು ಸುತ್ತಿಕೊಂಡು, ಮುಷ್ಟಿಯಲ್ಲಿ ಬನ್ನಿಯ ಎಲೆ ಹಿಡಿದು ತಮ್ಮನ ಮನೆಯ ಮುಂದೆ ಬಂದು ನಿಂತನು. ಒಳಗೆ ಹೋಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ತಮ್ಮನು ಬಾಗಿಲಿಗೆ ಬಂದನು. "ಬನ್ನಿ ತಗೋ ತಮ್ಮಾ, ಬಂಗಾರದಂಗ ಇರೋಣ" ಎಂದನು ಅಣ್ಣ. ತಮ್ಮನು ತಲೆಯೆತ್ತದೆ ಎಲೆಯನ್ನು ತೆಗೆದುಕೊಂಡು, ಬಾಗಿ ಅಣ್ಣನ ಕಾಲು ಮುಟ್ಟಿ, ಎದ್ದು, "ಬದುವಿನ ಕಲ್ಲು ಯಾವಾಗ ಸರಿಸ್ತಿ?" ಎಂದು ಕೇಳಿದನು. ಬೀದಿಯಲ್ಲಿದ್ದವರಿಗೆ ಅದು ಒರಟಾಗಿ ಕಂಡಿತು. ನನಗೆ ಈಗ ಹಾಗೆ ಕಾಣುವುದಿಲ್ಲ. ಜಕ್ಕಾಯನನ್ನು ಅವನ ನೆರೆಹೊರೆಯವರು ಕೇಳಿರಬಹುದಾದ ಪ್ರಶ್ನೆಯೂ ಅದೇ. ಶೇಂಗಾ ಕಿತ್ತ ಮೇಲೆ ಕಲ್ಲು ಸರಿಯಿತು. ಅಣ್ಣತಮ್ಮಂದಿರು ಅತಿಯಾದ ಸ್ನೇಹದಿಂದೇನೂ ಇರಲಿಲ್ಲ. ಆದರೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಚಪ್ಪರ ಹಾಕಿದರು.

ಬಳ್ಳಾರಿಗೂ ಲೂಕನ ಈ ಕಥೆಗಳಿಗೂ ಹಳೆಯ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡವನ್ನು ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದನು. 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ತಪ್ಪಿಹೋದ ಮಗನ ಕಥೆ ಹಾಗೆ ನಮ್ಮ ಸೀಮೆಯಲ್ಲಿಯೇ ಕನ್ನಡ ಕಲಿತ ಕಥೆ. ಆಸ್ತಿಯನ್ನು ಹಾಳುಮಾಡಿ ಹಿಂದಿರುಗಿದ ಕಿರಿಯ ಮಗನನ್ನು ತಂದೆ ಓಡಿಹೋಗಿ ತಬ್ಬಿಕೊಳ್ಳುವುದನ್ನೇ ಎಲ್ಲರೂ ನೆನೆಯುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೊಲದಿಂದ ದಣಿದು ಬಂದ ಹಿರಿಯ ಮಗನು ಮನೆಯೊಳಗಿನ ವಾದ್ಯದ ಸದ್ದು ಕೇಳಿ ಕೋಪಗೊಂಡು ಹೊರಗೇ ನಿಲ್ಲುತ್ತಾನೆ. ನಾಳೆಯಿಂದ ಈ ತಮ್ಮನೊಡನೆ ಒಂದೇ ಮನೆಯಲ್ಲಿ ಉಣ್ಣಬೇಕಾದವನು ಅವನೇ. ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ.

ಭಾನುವಾರದ ಪಾಠ ಹೇಳುವ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹವಿದೆ. ಚಿತ್ರಗಳನ್ನು ತೋರಿಸಿರಿ, ಅವಶ್ಯವಾಗಿ ತೋರಿಸಿರಿ; ಆದರೆ ಹೊಡೆದಾಟ ಮುಗಿದೊಡನೆ ಪಾಠ ಮುಗಿಸದೆ, ಅಡುಗೆಮನೆಯ ಆ ಮೇಜನ್ನು ತೋರಿಸಿ, ಆ ರಾತ್ರಿ ಮಹಡಿಯ ಮೇಲೆ ಮುದುಕಿ ಏನು ಯೋಚಿಸಿದ್ದಿರಬಹುದೆಂದು ಮಕ್ಕಳನ್ನು ಕೇಳಿರಿ. ಆಮೇಲೆ ಲೂಕನ 15ನೆಯ ಅಧ್ಯಾಯವನ್ನು ಕಡೆಯವರೆಗೂ ಓದಿಸಿ, ಹಿರಿಯ ಮಗನು ಒಳಗೆ ಬಂದನೋ ಇಲ್ಲವೋ ಎಂದು ಕೇಳಿರಿ. ಲೂಕನು ಅದನ್ನು ಬರೆದಿಲ್ಲ, ಮಕ್ಕಳೇ ಹೇಳಲಿ.