ಸುರ್ಮಯಿಯ ಮರಿ

ಮುಂಬೈಯಲ್ಲಿ ಅಂಜಲ್ ಅಂದರೆ ತಿಳಿಯುವವರು ನಮ್ಮವರು ಮಾತ್ರ. ಉಳಿದವರಿಗೆಲ್ಲ ಅದು ಸುರ್ಮಯಿ. ಈ ಒಂದೇ ಹೆಸರಿನ ಬುಟ್ಟಿಯಲ್ಲಿ ಎರಡು ಮೂರು ಜಾತಿ ಮೀನು ಸೇರಿಕೊಂಡಿರುತ್ತವೆ ಎಂದು ನನಗೆ ತಿಳಿದದ್ದು ಅಮ್ಮನಿಂದ.

ಅಪ್ಪ ತೀರಿಕೊಂಡ ಮೇಲೆ, 2014ರಲ್ಲಿ, ಅಮ್ಮನನ್ನು ಕುಂದಾಪುರದಿಂದ ಬೋರಿವಲಿಗೆ ಕರೆದುಕೊಂಡು ಬಂದೆ. ಹಿಂದಿ ಇಲ್ಲ, ಮರಾಠಿ ಇಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವಳು ಯಾರೊಡನೆಯೂ ಒಂದು ಮಾತಾಡುವಂತಿರಲಿಲ್ಲ. ಊಟ ಕಡಿಮೆಯಾಯಿತು. ಕಿಟಕಿಯ ಹತ್ತಿರ ಕೂತರೆ ಕೂತಳೇ. ಭಾನುವಾರ ಮೀನು ಮಾರುಕಟ್ಟೆಗೆ ಕರೆದರೆ ಮಾತ್ರ ಸೀರೆ ಬದಲಿಸಿ ತಯಾರಾಗಿಬಿಡುತ್ತಿದ್ದಳು.

ದೊಡ್ಡ ಮೀನಾದರೆ ಗುರುತು ಸುಲಭ. ಒಂದು ಮೀಟರು ದಾಟಿ ಬೆಳೆಯುವ ಜಾತಿಗೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಅಂಕುಡೊಂಕು ಪಟ್ಟೆಗಳು, ನಲವತ್ತು ಐವತ್ತು ಇರುತ್ತವೆ. ಇನ್ನೊಂದು ಚಿಕ್ಕ ಜಾತಿ, ಅದಕ್ಕೆ ಸಾಲು ಸಾಲು ದುಂಡು ಚುಕ್ಕೆ. ಕಷ್ಟ ಇರುವುದು ಮೊಳದುದ್ದದ ಮೀನಿನಲ್ಲಿ. ಆ ವಯಸ್ಸಿಗೆ ಪಟ್ಟೆ ಇಪ್ಪತ್ತೂ ಇರುವುದಿಲ್ಲ, ಇದ್ದವೂ ಕೆಳಗೆ ತುಂಡಾಗಿ ಚುಕ್ಕೆಯಂತೆ ಕಾಣುತ್ತವೆ. ಐಸಿನಲ್ಲಿ ಬಿದ್ದು ಬಣ್ಣ ಮಾಸಿದರಂತೂ ಮುಗಿಯಿತು.

ಅಮ್ಮ ಚುಕ್ಕೆ ನೋಡುತ್ತಲೇ ಇರಲಿಲ್ಲ. ಬೆರಳಿನಿಂದ ಲೋಳೆ ಒರೆಸಿ, ಮೈಯ ಪಕ್ಕದಲ್ಲಿ ತಲೆಯಿಂದ ಬಾಲಕ್ಕೆ ಹೋಗುವ ಸಣ್ಣ ಗೆರೆ ಹಿಡಿಯುತ್ತಿದ್ದಳು. "ಕಾಣ್ ಮಗಾ, ಇದ್ ಮೆಟ್ಲ್ ಇಳ್ದಾಂಗ್ ಇಳ್ದಿತ್. ಇದ್ ದೊಡ್ ಅಂಜಲಿನ್ ಮರಿ." ಎರಡನೆಯ ಬೆನ್ನುರೆಕ್ಕೆ ಮುಗಿಯುವಲ್ಲಿ ಗೆರೆ ಥಟ್ಟನೆ ಕೆಳಗೆ ಬೀಳುತ್ತದೆ. ಚುಕ್ಕೆ ಜಾತಿಯದರಲ್ಲಿ ಅದು ನಿಧಾನವಾಗಿ ಬಾಗಿಕೊಂಡು ಬಾಲ ಸೇರುತ್ತದೆ. ಪುಸ್ತಕದಲ್ಲಿ ನೋಡಿದೆ, ಮೀನು ವಿಜ್ಞಾನಿಗಳೂ ಹಿಡಿಯುವುದು ಇದೇ ಗುರುತು!

ಇದು ಬರೀ ರುಚಿಯ ಮಾತಲ್ಲ. ಚುಕ್ಕೆ ಮೀನು ಆ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆದ ಮೀನು. ದೊಡ್ಡ ಅಂಜಲ್ ಮೊಟ್ಟೆಗೆ ಬರಬೇಕಾದರೆ ಸುಮಾರು 70 ಸೆಂಟಿಮೀಟರ್ ಆಗಬೇಕು. ಅಂದರೆ ಮೊಳದುದ್ದದ್ದು ಇನ್ನೂ ಮಗು. ಅಮ್ಮ ಅದನ್ನು ಬುಟ್ಟಿಗೆ ವಾಪಸ್ ಹಾಕುತ್ತಿದ್ದಳು, ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಸತ್ತ ಮೀನನ್ನು ವಾಪಸ್ ಹಾಕಿ ಏನು ಬಂತು ಎಂದು ನನ್ನ ಹೆಂಡತಿ ಕೇಳಿದ್ದುಂಟು. "ಕೊಂಬುವರ್ ಇದ್ರೆ ತಪ್ಪುವರ್ ಇರ್ತ್ರ್" ಅಂದಳು.

ಮಾರುವವಳು ಕೋಳಿ ಹೆಂಗಸು. (ಕೋಳಿ ಎಂದರೆ ಇಲ್ಲಿಯ ಮೀನುಗಾರ ಸಮುದಾಯ, ನಮ್ಮ ಕೋಳಿಯಲ್ಲ.) ಮೊದಲು ಸಿಟ್ಟಾದಳು. ಒಂದು ದಿನ ಅಮ್ಮನೆದುರು ಎರಡು ಮೀನು ಎಸೆದು, ಹುಬ್ಬು ಹಾರಿಸಿ, ಗುರುತಿಸು ನೋಡೋಣ ಅನ್ನುವಂತೆ ಕೂತಳು. ಅಮ್ಮ ಗೆರೆ ಮೇಲೆ ಬೆರಳೆಳೆದಳು. ಅವಳೂ ತನ್ನ ಬೆರಳೆಳೆದಳು, ಅದೇ ಜಾಗದಲ್ಲಿ ಕೆಳಗಿಳಿಸಿ. ಇಬ್ಬರೂ ನಕ್ಕರು. ಅವಳಿಗೂ ಅದು ಅವಳ ಅಮ್ಮ ಕಲಿಸಿದ್ದಂತೆ.

2023ರಲ್ಲಿ ಮಹಾರಾಷ್ಟ್ರ ಸರ್ಕಾರ ಸುರ್ಮಯಿಯೂ ಸೇರಿ 54 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆ ನಿಗದಿ ಮಾಡಿತು. ಸುದ್ದಿ ಓದಿ ಹೇಳಿದರೆ ಅಮ್ಮ, "ಈಗ ಗೊತ್ತಾಯ್ತಾ ಅವ್ರಿಗೆ?" ಅಂದಳು.

ಈಗ ಮಾರುಕಟ್ಟೆಗೆ ಅವಳೊಬ್ಬಳೇ ಹೋಗುತ್ತಾಳೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ. ಒಬ್ಬಳು ಕುಂದಾಪ್ರ ಕನ್ನಡ, ಒಬ್ಬಳು ಮರಾಠಿ. ಅಷ್ಟು ಹೊತ್ತು ಏನು ಮಾತಾಡುತ್ತಾರೋ, ನನಗೆ ಅರ್ಥವಾಗಿಲ್ಲ.