ಅಪ್ಪನ ಭುಜಕ್ಕೆ ಯಾವ ದಾರಿ?

ಅಂಕೋಲೆಯ ಬೇಲೆಕೇರಿಯಲ್ಲಿ ಮೂವತ್ತು ವರ್ಷ ಬಲೆ ಎಳೆದ ಅಪ್ಪನ ಬಲಗೈ ಈಗ ಮೇಲೇಳೋದಿಲ್ಲ. ಎಂಆರ್‌ಐ ನೋಡಿದ ಕಾರವಾರದ ಡಾಕ್ಟರು, "ಸ್ನಾಯುರಜ್ಜು ಹರಿದು ಹಿಂದೆ ಸರಿದಿದೆ, ಸ್ನಾಯುವಿನಲ್ಲಿ ಕೊಬ್ಬು ತುಂಬಿದೆ. ಹೊಲಿದರೂ ನಿಲ್ಲೋದಿಲ್ಲ" ಅಂದರು.

ಆದರೂ ದಾರಿಗಳಿವೆ. ಮೊದಲು ಫಿಸಿಯೋಥೆರಪಿ. ನೋವೇ ಹೆಚ್ಚಿದ್ದರೆ ಕೀಹೋಲ್‌ನಲ್ಲಿ ಸ್ವಚ್ಛ ಮಾಡಿ, ಆದಷ್ಟು ಹೊಲಿಯುತ್ತಾರೆ. ವಯಸ್ಸು ಕಡಿಮೆಯಿದ್ದು ಕೀಲು ಸವೆದಿಲ್ಲದಿದ್ದರೆ ಬೆನ್ನಿನ ಸ್ನಾಯು ತಂದು ಜೋಡಿಸಬಹುದು. ವಯಸ್ಸಾದವರಿಗೆ ಹೆಚ್ಚಾಗಿ ರಿವರ್ಸ್ ಶೋಲ್ಡರ್. 1985ರಲ್ಲಿ ಫ್ರಾನ್ಸಿನ ಪಾಲ್ ಗ್ರಾಮೊಂ ರೂಪಿಸಿದ ಈ ಕೀಲಿನಲ್ಲಿ ಗುಂಡು, ಬಟ್ಟಲಿನ ಜಾಗ ಅದಲುಬದಲು. ಕೈ ಎತ್ತೋ ಕೆಲಸ ಡೆಲ್ಟಾಯ್ಡ್ ಸ್ನಾಯುವಿನದು. ಇಂಜಿನಿಯರ್ ಆದ ನನಗೆ ಇದು ಬಹಳ ಹಿಡಿಸಿತು.

ಅಪ್ಪ ಕೇಳಿದ್ದು ಒಂದೇ: "ಬಲೆ ಎಳೀಬಹುದಾ?"

"ಇಲ್ಲ ಅಪ್ಪಾ. ತಲೆ ಬಾಚ್ಕೋಬಹುದು, ರಾತ್ರಿ ನಿದ್ದೆ ಮಾಡ್ಬಹುದು."

ಅವರಿನ್ನೂ ಹೂಂ ಅಂದಿಲ್ಲ. ನಿಮ್ಮ ಮನೆಯಲ್ಲೂ ಹೀಗಾದರೆ, ಆ ಕೈಯಿಂದ ಏನಾಗಬೇಕು ಅಂತ ಮೊದಲು ಅವರನ್ನೇ ಕೇಳಿ.